ತಯಾರಿ ಇಲ್ಲದ ತಂಡವನ್ನು ಇನ್ನೆಷ್ಟು ಸಲ ಕಣಕ್ಕಿಳಿಸುತ್ತೀರಿ?

ಭಾರತದ ಫುಟ್‌ಬಾಲ್ ತಂಡ 2023ರ ಸೆಪ್ಟೆಂಬರ್ 18ರ ಸಂಜೆ ಚೀನಾದ ಹಾಂಗ್‌ಝೌ ನಗರಕ್ಕೆ ಬಂದಿಳಿಯಿತು. ಮರುದಿನವೇ ಏಷ್ಯನ್ ಕ್ರೀಡಾಕೂಟದ ಮೊದಲ ಪಂದ್ಯ, ಎದುರಾಳಿ ಆತಿಥೇಯ ಚೀನಾ. ಆ ಹನ್ನೊಂದು ಮಂದಿ ಒಟ್ಟಾಗಿ ಒಂದು ದಿನವೂ ಅಭ್ಯಾಸ ಮಾಡಿರಲಿಲ್ಲ. ಡಿಫೆಂಡರ್‌ಗಳಾದ ಚಿಂಗ್ಲೆನ್‌ಸನಾ ಸಿಂಗ್ ಮತ್ತು ಲಾಲ್‌ಚುಂಗ್‌ನುಂಗಾ ಅವರಿಗೆ ವೀಸಾ ತೊಡಕಿನಿಂದಾಗಿ ತಂಡದ ಜೊತೆ ಹೊರಡಲೂ ಆಗಿರಲಿಲ್ಲ. ಬದಲಿ ಆಟಗಾರರು ಬೆರಳೆಣಿಕೆಯಷ್ಟಿದ್ದರು. 39 ವರ್ಷದ ನಾಯಕ ಸುನಿಲ್ ಚೆಟ್ರಿ ಪ್ರಯಾಣದ ದಣಿವಿನಲ್ಲೇ 85 ನಿಮಿಷ ಓಡಿದರು.

ಮೊದಲಾರ್ಧದಲ್ಲಿ ನಮ್ಮ ಹುಡುಗರು ಜಗ್ಗಲಿಲ್ಲ. ಚೀನಾ ಒಂದು ಗೋಲು ಹೊಡೆಯಿತು. ಚೀನಾಕ್ಕೆ ಸಿಕ್ಕ ಪೆನಾಲ್ಟಿಯನ್ನು ಗೋಲ್‌ಕೀಪರ್ ಗುರ್ಮೀತ್ ಸಿಂಗ್ ತಡೆದರು. ವಿರಾಮಕ್ಕೆ ಮುನ್ನ ರಾಹುಲ್ ಕೆ.ಪಿ. ಬಲಗಡೆಯಿಂದ ನುಗ್ಗಿ, ಗೋಲುಕಂಬದ ಪಕ್ಕದ ಅತಿ ಕಿರಿದಾದ ಕೋನದಿಂದ ಚೆಂಡನ್ನು ಬಲೆಗೆ ಸೇರಿಸಿದರು. 1-1. ವಿರಾಮದ ನಂತರ ಕಾಲುಗಳು ಸೋಲತೊಡಗಿದವು. ಚೆಂಡು ಕಳೆದುಕೊಂಡವರು ಹಿಂದಕ್ಕೆ ಓಡಿ ಬರುವಷ್ಟರಲ್ಲಿ ಚೀನಾದವರು ನಮ್ಮ ಗೋಲಿನ ಮುಂದೆ ಇರುತ್ತಿದ್ದರು. ದ್ವಿತೀಯಾರ್ಧದಲ್ಲಿ ನಾಲ್ಕು ಗೋಲು ಬಿದ್ದವು. ಪಂದ್ಯ 5-1ಕ್ಕೆ ಮುಗಿಯಿತು.

ಆ ಎರಡು ಅರ್ಧಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಇಡೀ ಕಥೆ ಅರ್ಥವಾಗುತ್ತದೆ. ಆಟದ ಕಸುವು ನಮ್ಮವರಲ್ಲಿ ಇತ್ತು. ಅದನ್ನು ತೊಂಬತ್ತು ನಿಮಿಷ ತಾಳಿಕೊಳ್ಳುವ ತಯಾರಿ ಇರಲಿಲ್ಲ. ತಯಾರಿ ಕೊಡಬೇಕಾದದ್ದು ಆಟಗಾರರನ್ನು ಕಳಿಸುವವರ ಕೆಲಸ. ಸೋತಾಗ ಮಾತ್ರ ಬೈಗುಳವೆಲ್ಲ ಆಟಗಾರರ ಪಾಲಿಗೆ ಬರುತ್ತದೆ. ಈ ಅನ್ಯಾಯ ನೋಡಿ ನೋಡಿ ಅಭಿಮಾನಿಯಾಗಿ ನನಗೆ ಸಾಕಾಗಿದೆ.

ಹಾಂಗ್‌ಝೌಗೆ ಮೂರು ತಿಂಗಳ ಹಿಂದೆ ಇದೇ ಪಾಠವನ್ನು ನಾವು ನಮ್ಮದೇ ನೆಲದಲ್ಲಿ ನೋಡಿದ್ದೆವು. 2023ರ ಜೂನ್ 21ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಸ್ಯಾಫ್ ಚಾಂಪಿಯನ್‌ಷಿಪ್‌ನ ಭಾರತ-ಪಾಕಿಸ್ತಾನ ಪಂದ್ಯ. ವೀಸಾ ತಡವಾದ ಕಾರಣ ಪಾಕಿಸ್ತಾನದ ಆಟಗಾರರು ಮಾರಿಷಸ್‌ನಿಂದ ಪಂದ್ಯದ ದಿನವೇ ಬೆಂಗಳೂರಿಗೆ ಬಂದು ತಲುಪಿದ್ದರು. ಚೆಟ್ರಿ ಹ್ಯಾಟ್ರಿಕ್ ಹೊಡೆದರು, ಭಾರತ 4-0ಯಿಂದ ಗೆದ್ದಿತು. ಕ್ರೀಡಾಂಗಣ ಕುಣಿಯಿತು, ನಾವೂ ಕುಣಿದೆವು. ನಿದ್ದೆಗೆಟ್ಟು ವಿಮಾನ ಇಳಿದ ತಂಡ ಹೇಗೆ ಆಡುತ್ತದೆ ಎಂಬುದನ್ನು ನಮ್ಮ ಫುಟ್‌ಬಾಲ್ ಆಡಳಿತಗಾರರು ಅಂದು ಕಣ್ಣಾರೆ ಕಂಡರು. ಸೆಪ್ಟೆಂಬರ್‌ನಲ್ಲಿ ನಮ್ಮದೇ ತಂಡವನ್ನು ಅದೇ ಸ್ಥಿತಿಯಲ್ಲಿ ಹಾಂಗ್‌ಝೌಗೆ ಕಳಿಸಿದರು.

ಆ ಸ್ಯಾಫ್ ಕಪ್ ಗೆದ್ದ ತಂಡದ ಹಿಂದೆ ಏನಿತ್ತು ಎಂಬುದನ್ನೂ ನೋಡಬೇಕು. ಮೇ ತಿಂಗಳಿನಿಂದ ಭುವನೇಶ್ವರದಲ್ಲಿ ಶಿಬಿರ, ಜೂನ್‌ನಲ್ಲಿ ಅಲ್ಲೇ ಇಂಟರ್‌ಕಾಂಟಿನೆಂಟಲ್ ಕಪ್, ಅದರ ಬೆನ್ನಿಗೆ ಬೆಂಗಳೂರು. ವಾರಗಟ್ಟಲೆ ಒಂದೇ ಕಡೆ ಉಂಡು, ಮಲಗಿ, ಅಭ್ಯಾಸ ಮಾಡಿದ ತಂಡ ಅದು. ಇಂಟರ್‌ಕಾಂಟಿನೆಂಟಲ್ ಫೈನಲ್‌ನಲ್ಲಿ ಲೆಬನಾನ್ ವಿರುದ್ಧ 2-0 ಗೆಲುವು. ಸ್ಯಾಫ್ ಸೆಮಿಫೈನಲ್‌ನಲ್ಲಿ ಮತ್ತೆ ಲೆಬನಾನ್, ಫೈನಲ್‌ನಲ್ಲಿ ಕುವೈತ್, ಎರಡೂ ಪೆನಾಲ್ಟಿ ಶೂಟೌಟ್‌ನಲ್ಲಿ ನಮ್ಮ ಕೈಗೆ ಬಂದವು. ಅದೇ ಜುಲೈನಲ್ಲಿ ಭಾರತ ಫಿಫಾ ರ‍್ಯಾಂಕಿಂಗ್‌ನಲ್ಲಿ 99ನೇ ಸ್ಥಾನಕ್ಕೆ ಏರಿತು. 2025ರ ನವೆಂಬರ್‌ನಲ್ಲಿ ಅದೇ ಭಾರತ 142ಕ್ಕೆ ಇಳಿದಿತ್ತು. ಎರಡೂವರೆ ವರ್ಷದೊಳಗೆ ದೇಶದ ಹುಡುಗರು ಆಟ ಮರೆತುಬಿಟ್ಟರೇ? ಖಂಡಿತ ಇಲ್ಲ. ಅವರ ಸುತ್ತಲಿನ ವ್ಯವಸ್ಥೆ ಕುಸಿಯಿತು.

ತಯಾರಿ ಅಂದರೆ ಏನು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಫುಟ್‌ಬಾಲ್‌ನಲ್ಲಿ ನಾಲ್ವರು ಡಿಫೆಂಡರ್‌ಗಳು ಒಂದೇ ಗೆರೆಯಲ್ಲಿ ನಿಲ್ಲುತ್ತಾರೆ. ಎದುರಾಳಿ ಚೆಂಡು ಹಿಂದಕ್ಕೆ ಕೊಟ್ಟ ಕ್ಷಣ ನಾಲ್ವರೂ ಒಟ್ಟಿಗೆ ಎರಡು ಹೆಜ್ಜೆ ಮುಂದೆ ಬರಬೇಕು. ಮೂವರು ಬಂದು ಒಬ್ಬ ಹಿಂದೆ ಉಳಿದರೆ ಎದುರಾಳಿಯ ಫಾರ್ವರ್ಡ್ ಆಫ್‌ಸೈಡ್ ಆಗುವುದಿಲ್ಲ, ನೇರ ಗೋಲಿಗೆ ನುಗ್ಗುತ್ತಾನೆ. ಕಾರ್ನರ್ ಕಿಕ್ ಬಂದಾಗ ಯಾರು ಯಾರನ್ನು ಹಿಡಿಯಬೇಕು, ಹತ್ತಿರದ ಕಂಬಕ್ಕೆ ಯಾರು, ಕೀಪರ್ ಮುಂದೆ ಬಂದರೆ ಗೆರೆ ಕಾಯುವವರು ಯಾರು ಎಂಬುದೆಲ್ಲ ಮೊದಲೇ ಗೊತ್ತಿರಬೇಕು. ಇವನ್ನು ಹಲಗೆಯ ಮೇಲೆ ಬರೆದು ತೋರಿಸಿದರೆ ಸಾಲದು. ದಿನಾ ಮಾಡಿ ಮಾಡಿ ಮೈಗೂಡಬೇಕು. ಕೊಚ್ಚಿ, ಕೋಲ್ಕತ್ತ, ಗೋವಾ, ಬೆಂಗಳೂರು ಎಂದು ಬೇರೆ ಬೇರೆ ಕ್ಲಬ್‌ಗಳಲ್ಲಿ ಬೇರೆ ಬೇರೆ ಕೋಚ್‌ಗಳ ಕೈಕೆಳಗೆ ಆಡುವ ಹುಡುಗರಿಗೆ ಇದು ಹೊಂದಿಕೊಳ್ಳಲು ದಿನಗಳು ಬೇಕು.

ಆ ದಿನಗಳು ಎಲ್ಲಿಂದ ಬರಬೇಕು? ರಾಷ್ಟ್ರೀಯ ತಂಡಗಳ ಪಂದ್ಯಗಳಿಗೆಂದು ಫಿಫಾ ವರ್ಷದಲ್ಲಿ ಕೆಲವು ಅವಧಿಗಳನ್ನು ಗೊತ್ತುಮಾಡುತ್ತದೆ. ಅವಕ್ಕೆ ‘ಫಿಫಾ ವಿಂಡೊ’ ಎನ್ನುತ್ತಾರೆ. ಸಾಮಾನ್ಯವಾಗಿ ಸೋಮವಾರ ಶುರುವಾಗಿ ಮುಂದಿನ ವಾರದ ಮಂಗಳವಾರಕ್ಕೆ ಮುಗಿಯುವ ಈ ಅವಧಿಯಲ್ಲಿ ಕ್ಲಬ್‌ಗಳು ಆಟಗಾರರನ್ನು ಬಿಟ್ಟುಕೊಡಲೇಬೇಕು. ಭಾನುವಾರ ಕ್ಲಬ್ ಪರ ಆಡಿದ ಹುಡುಗ ಸೋಮವಾರ ಬಂದು ಸೇರುತ್ತಾನೆ. ಮಂಗಳವಾರ ಮೈ ಸಡಿಲಿಸುವ ಲಘು ಅಭ್ಯಾಸ, ಬುಧವಾರ ಒಂದು ಪೂರ್ಣ ಅಭ್ಯಾಸ, ಗುರುವಾರ ಪಂದ್ಯ. ಜಪಾನ್, ಕೊರಿಯಾದಂಥ ತಂಡಗಳಿಗೆ ಇಷ್ಟರಲ್ಲೇ ಸಾಗುತ್ತದೆ. ಅವರ ಆಟಗಾರರು ಯುರೋಪಿನ ದೊಡ್ಡ ಲೀಗ್‌ಗಳಲ್ಲಿ ವಾರವಾರ ಹದಗೊಂಡು ಬರುತ್ತಾರೆ. ನಮಗೆ ಇಷ್ಟು ಸಾಲದು, ಹೆಚ್ಚುವರಿ ಶಿಬಿರ ಬೇಕೇಬೇಕು. ಆ ಶಿಬಿರ ವಿಂಡೊದ ಹೊರಗೆ ಬೀಳುತ್ತದೆ. ಅಲ್ಲಿ ಕ್ಲಬ್ ‘ಇಲ್ಲ’ ಅಂದರೆ ಕಾನೂನು ಕ್ಲಬ್‌ನ ಪರ.

ಹಾಂಗ್‌ಝೌನಲ್ಲಿ ಆದದ್ದು ಅದೇ. ಏಷ್ಯನ್ ಕ್ರೀಡಾಕೂಟ ಫಿಫಾ ವಿಂಡೊದಲ್ಲಿ ಇರಲಿಲ್ಲ, ಇಂಡಿಯನ್ ಸೂಪರ್ ಲೀಗ್ ಸೆಪ್ಟೆಂಬರ್ 21ಕ್ಕೆ ಶುರುವಾಗುವುದಿತ್ತು. ಕ್ಲಬ್‌ಗಳು ಆಟಗಾರರನ್ನು ಬಿಡಲು ಒಪ್ಪಲಿಲ್ಲ, ಪಟ್ಟಿ ಕೊನೆಯ ಗಳಿಗೆವರೆಗೂ ಬದಲಾಗುತ್ತಲೇ ಹೋಯಿತು. ಅದಕ್ಕೂ ಮೊದಲು ತಂಡ ಹೋಗುವುದೇ ಅನುಮಾನವಾಗಿತ್ತು. ಏಷ್ಯಾದ ಮೊದಲ ಎಂಟು ತಂಡಗಳಲ್ಲಿ ಇದ್ದರೆ ಮಾತ್ರ ಅನುಮತಿ ಎಂಬ ಕ್ರೀಡಾ ಸಚಿವಾಲಯದ ನಿಯಮವನ್ನು ಜುಲೈ ಕೊನೆಯಲ್ಲಿ ಸಡಿಲಿಸಲಾಯಿತು. ನಾಲ್ಕು ವರ್ಷಕ್ಕೊಮ್ಮೆ ಬರುವ ಕೂಟದ ದಿನಾಂಕ ಎಲ್ಲರಿಗೂ ಮೊದಲೇ ಗೊತ್ತಿತ್ತು. ಲೀಗ್‌ನ ವೇಳಾಪಟ್ಟಿ ನಮ್ಮದೇ ಕೈಯಲ್ಲಿತ್ತು. ಎರಡನ್ನೂ ಹೊಂದಿಸುವ ಒಂದು ಸಭೆ ವರ್ಷದ ಹಿಂದೆಯೇ ಆಗಿದ್ದರೆ ಇಷ್ಟು ಮಾನ ಹೋಗುತ್ತಿರಲಿಲ್ಲ.

ಬೆಳಗಾವಿ ಜಿಲ್ಲೆಯ ನಮ್ಮ ಹಿಡಕಲ್ ಕಡೆಯವರಿಗೆ ಇದನ್ನು ಅರ್ಥಮಾಡಿಸುವುದು ಕಷ್ಟವಲ್ಲ. ಘಟಪ್ರಭೆಗೆ ಕಟ್ಟಿದ ರಾಜಾ ಲಖಮಗೌಡ ಜಲಾಶಯದ ಸಾಮರ್ಥ್ಯ 51 ಟಿಎಂಸಿ. ಸಹ್ಯಾದ್ರಿಯಲ್ಲಿ ಮಳೆ ಸುರಿಯುವ ತಿಂಗಳುಗಳಲ್ಲಿ ನೀರು ಹಿಡಿದಿಟ್ಟರೆ ಮಾತ್ರ ಹಿಂಗಾರಿಗೆ, ಬೇಸಿಗೆಗೆ ಕಾಲುವೆಗೆ ಬಿಡಲು ಬರುತ್ತದೆ. ಏಪ್ರಿಲ್‌ನಲ್ಲಿ ಕಬ್ಬು ಒಣಗುವಾಗ ಗೇಟಿನ ಮುಂದೆ ನಿಂತು ಕೂಗಿದರೆ, ತುಂಬಿರದ ಡ್ಯಾಮಿನಿಂದ ಯಾವ ಎಂಜಿನಿಯರೂ ನೀರು ತಂದುಕೊಡಲಾರ. ರಾಷ್ಟ್ರೀಯ ತಂಡದ ಕೋಚ್‌ನ ಪಾಡೂ ಅದೇ. ಕೋಚ್ ಬದಲಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ನಂಬುವವರು ಈ ಲೆಕ್ಕವನ್ನೇ ಮರೆಯುತ್ತಾರೆ. 2024ರ ಜೂನ್‌ನಲ್ಲಿ ಇಗೊರ್ ಸ್ಟಿಮಾಚ್ ಅವರನ್ನು ತೆಗೆದರು. ಜುಲೈನಲ್ಲಿ ಮನೋಲೊ ಮಾರ್ಕೆಝ್ ಬಂದರು, ಮೊದಲ ವರ್ಷವಿಡೀ ಅವರು ಎಫ್‌ಸಿ ಗೋವಾ ಕ್ಲಬ್‌ನ ಕೋಚ್ ಕೂಡ ಆಗಿದ್ದರು. 2025ರ ಜುಲೈನಲ್ಲಿ ಅವರೂ ಹೋದರು, ಆಗಸ್ಟ್‌ನಲ್ಲಿ ಖಾಲಿದ್ ಜಮೀಲ್ ಬಂದರು. 1950ರಿಂದ 1963ರಲ್ಲಿ ತೀರಿಕೊಳ್ಳುವವರೆಗೂ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ತಂಡ ಕಟ್ಟಿದ್ದ ದೇಶ ಇದು.

ರಹೀಂ ಕಾಲದ ಒಂದು ಸೋಲನ್ನು ಕನ್ನಡಿಗರು ವಿಶೇಷವಾಗಿ ನೆನೆಯಬೇಕು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ನಮ್ಮನ್ನು 10-1ರಿಂದ ಸೋಲಿಸಿತು. ಆ ಒಂದು ಗೋಲು ಬೆಂಗಳೂರಿನ ಅಹ್ಮದ್ ಖಾನ್ ಅವರದು. ಚಳಿಯ ನಾಡಿನಲ್ಲಿ ನಮ್ಮ ಹಲವು ಆಟಗಾರರು ಬರಿಗಾಲಲ್ಲಿ ಆಡಿದ್ದರು. ಅದು ತಯಾರಿಯ ಕೊರತೆಯೇ. ಆದರೆ ಆ ಕಾಲದ ಫುಟ್‌ಬಾಲ್ ಫೆಡರೇಷನ್ ಸೋಲಿನಿಂದ ಕಲಿಯಿತು, ಬೂಟು ಕಡ್ಡಾಯ ಮಾಡಿತು. ನಾಲ್ಕೇ ವರ್ಷಕ್ಕೆ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿ ಸೆಮಿಫೈನಲ್ ಆಡಿತು, ನಾಲ್ಕನೇ ಸ್ಥಾನ ಪಡೆಯಿತು. ಬೆಂಗಳೂರಿನ ಕೆಂಪಯ್ಯ ಆ ತಂಡದಲ್ಲಿದ್ದರು. 1962ರಲ್ಲಿ ಜಕಾರ್ತದಲ್ಲಿ ದಕ್ಷಿಣ ಕೊರಿಯಾವನ್ನು ಮಣಿಸಿ ಏಷ್ಯನ್ ಚಿನ್ನವೂ ಬಂತು. ಸೋಲು ಯಾರಿಗೂ ತಪ್ಪಿದ್ದಲ್ಲ. ಸೋತ ಮೇಲೆ ಏನನ್ನು ಬದಲಿಸಿದರು ಎಂಬುದೇ ಮುಖ್ಯ.

ನಾವು ಬದಲಿಸಿದ್ದು ಬಹಳ ಕಡಿಮೆ. 2024ರ ಜನವರಿಯ ಏಷ್ಯಾ ಕಪ್‌ಗೆ ಸ್ಟಿಮಾಚ್ ನಾಲ್ಕು ವಾರಗಳ ಶಿಬಿರ ಕೇಳಿದ್ದರು. ತಂಡ ಕತಾರ್‌ಗೆ ಹೊರಟಿದ್ದು ಡಿಸೆಂಬರ್ 30ಕ್ಕೆ, ಆಸ್ಟ್ರೇಲಿಯಾ ಎದುರಿನ ಮೊದಲ ಪಂದ್ಯ ಜನವರಿ 13ಕ್ಕೆ. ಮೂರು ಪಂದ್ಯ, ಮೂರೂ ಸೋಲು, ಒಂದೂ ಗೋಲಿಲ್ಲ. ನಮ್ಮನ್ನು 3-0ಯಿಂದ ಸೋಲಿಸಿದ ಉಜ್ಬೇಕಿಸ್ತಾನ 2025ರ ಜೂನ್‌ನಲ್ಲಿ ಮೊದಲ ಸಲ ವಿಶ್ವಕಪ್‌ಗೆ ಅರ್ಹತೆ ಪಡೆಯಿತು. ಅವರ ಹುಡುಗರು 2023ರಲ್ಲಿ 20 ವರ್ಷದೊಳಗಿನವರ, 2025ರಲ್ಲಿ 17 ವರ್ಷದೊಳಗಿನವರ ಏಷ್ಯನ್ ಪ್ರಶಸ್ತಿ ಗೆದ್ದವರು. ಅಲ್ಲಿ ತಯಾರಿ ಬಾಲ್ಯದಿಂದಲೇ ನಡೆದಿದೆ.

2025ರಲ್ಲಿ ನಮ್ಮ ಸ್ಥಿತಿ ಇನ್ನೂ ಹದಗೆಟ್ಟಿತು. ಫೆಡರೇಷನ್ ಮತ್ತು ವಾಣಿಜ್ಯ ಪಾಲುದಾರರ ನಡುವಿನ ಒಪ್ಪಂದ ನವೀಕರಣವಾಗದೆ ಜುಲೈನಲ್ಲಿ ಸೂಪರ್ ಲೀಗನ್ನೇ ತಡೆಹಿಡಿಯಲಾಯಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಆಟಗಾರರ, ಸಿಬ್ಬಂದಿಯ ಸಂಬಳ ನಿಲ್ಲಿಸುವುದಾಗಿ ಪ್ರಕಟಿಸಬೇಕಾಯಿತು. ಅದೇ ತಿಂಗಳು ಖಾಲಿದ್ ಜಮೀಲ್ ಬೆಂಗಳೂರಿನಲ್ಲಿ ಕರೆದ ಶಿಬಿರದ ಮೊದಲ ದಿನ 35 ಮಂದಿಯ ಪೈಕಿ 22 ಮಂದಿ ಮಾತ್ರ ಬಂದಿದ್ದರು. ಡುರಾಂಡ್ ಕಪ್ ನಡೆಯುತ್ತಿತ್ತು, ಉಳಿದವರನ್ನು ಕ್ಲಬ್‌ಗಳು ಬಿಟ್ಟಿರಲಿಲ್ಲ. ಇಷ್ಟಾದರೂ ಆ ತಂಡ ಮಧ್ಯ ಏಷ್ಯಾದ ಕಾಫಾ ನೇಷನ್ಸ್ ಕಪ್‌ನಲ್ಲಿ ತಜಿಕಿಸ್ತಾನವನ್ನು ಸೋಲಿಸಿತು, ಒಮಾನ್ ಅನ್ನು ಶೂಟೌಟ್‌ನಲ್ಲಿ ಮಣಿಸಿ ಮೂರನೇ ಸ್ಥಾನ ತಂದಿತು. ಆ ಹುಡುಗರ ಎದೆಗಾರಿಕೆಗೆ ನನ್ನ ನಮಸ್ಕಾರ.

ಎದೆಗಾರಿಕೆ ಒಂದರ ಮೇಲೆ ಎಷ್ಟು ದೂರ ಹೋಗಲು ಸಾಧ್ಯ? ಅಕ್ಟೋಬರ್‌ನಲ್ಲಿ ಏಷ್ಯಾ ಕಪ್ ಅರ್ಹತಾ ಸುತ್ತಿನಲ್ಲಿ ಸಿಂಗಪುರ ಎದುರಾಯಿತು. ಸೆಪ್ಟೆಂಬರ್‌ನಲ್ಲಿ ಶುರುವಾಗಬೇಕಿದ್ದ ಲೀಗ್ ಇನ್ನೂ ಆರಂಭವೇ ಆಗಿರಲಿಲ್ಲ. ಸಿಂಗಪುರದಲ್ಲಿ 90ನೇ ನಿಮಿಷದಲ್ಲಿ ರಹೀಂ ಅಲಿ ಗೋಲು ಹೊಡೆದು 1-1 ಉಳಿಸಿಕೊಟ್ಟರು. ಅಕ್ಟೋಬರ್ 14ರ ಮರುಪಂದ್ಯ ಗೋವಾದ ಫಾತೋರ್ಡಾದಲ್ಲಿ, ಅಂದರೆ ನಮ್ಮ ಬೆಳಗಾವಿ ಜಿಲ್ಲೆಗೆ ಅತಿ ಹತ್ತಿರದ ಅಂತರರಾಷ್ಟ್ರೀಯ ಮೈದಾನದಲ್ಲಿ. ಭಾರತದ ಛಾಂಗ್ಟೆ 14ನೇ ನಿಮಿಷಕ್ಕೇ ಗೋಲು ಹೊಡೆದರು. ಮುನ್ನಡೆ ಸಿಕ್ಕ ಮೇಲೆ ಆಟದ ಗತಿ ಹಿಡಿತದಲ್ಲಿಟ್ಟುಕೊಳ್ಳುವುದು ಸತತ ಪಂದ್ಯಗಳಿಂದ ಬರುವ ಕಲೆ. ತಿಂಗಳುಗಳಿಂದ ಲೀಗ್ ಪಂದ್ಯವನ್ನೇ ಕಾಣದ ಕಾಲುಗಳಲ್ಲಿ ಅದು ಎಲ್ಲಿಂದ ಬರಬೇಕು? ಸಿಂಗಪುರದ ಸಾಂಗ್ ಉಯಿ-ಯಂಗ್ 44ನೇ ಮತ್ತು 58ನೇ ನಿಮಿಷದಲ್ಲಿ ಎರಡು ಗೋಲು ಹೊಡೆದರು. 2027ರ ಏಷ್ಯಾ ಕಪ್‌ನ ಬಾಗಿಲು ನಮಗೆ ಮುಚ್ಚಿತು. ನವೆಂಬರ್ 18ರಂದು ಢಾಕಾದಲ್ಲಿ ಬಾಂಗ್ಲಾದೇಶವೂ 1-0ಯಿಂದ ಸೋಲಿಸಿತು. ಅವರೆದುರು ನಾವು ಸೋತದ್ದು 2003ರ ನಂತರ ಅದೇ ಮೊದಲು.

ಎದುರು ವಾದವೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. 2011ರ ಏಷ್ಯಾ ಕಪ್‌ಗೆ ಮುನ್ನ ಕೋಚ್ ಬಾಬ್ ಹೌಟನ್ ಅವರ ತಂಡಕ್ಕೆ ದೀರ್ಘ ಶಿಬಿರಗಳು ಸಿಕ್ಕಿದ್ದವು. ಆದರೂ ಆಸ್ಟ್ರೇಲಿಯಾ, ಬಹರೇನ್, ದಕ್ಷಿಣ ಕೊರಿಯಾ ಮೂರಕ್ಕೂ ಸೋತೆವು. ಶಿಬಿರ ಒಂದೇ ಸಾಲದು ಎಂಬುದಕ್ಕೆ ಇದು ಸಾಕ್ಷಿ. ಕ್ಲಬ್‌ಗಳ ಮಾತಿನಲ್ಲೂ ನ್ಯಾಯವಿದೆ. ಸಂಬಳ ಕೊಡುವವರು ಅವರು. ಆಟಗಾರ ದೇಶದ ಶಿಬಿರದಲ್ಲಿ ಮಂಡಿ ಮುರಿದುಕೊಂಡರೆ ಆ ನಷ್ಟ ಹೊರುವವರು ಯಾರು ಎಂದು ಅವರು ಕೇಳುವುದು ತಪ್ಪಲ್ಲ. ಅದಕ್ಕೇ ‘ದೇಶಕ್ಕಾಗಿ ಬಿಟ್ಟುಕೊಡಿ’ ಎಂಬ ಭಾವುಕ ಮನವಿಯಿಂದ ಈ ಬಿಕ್ಕಟ್ಟು ಬಗೆಹರಿಯುವುದಿಲ್ಲ. ಲಿಖಿತ ಒಪ್ಪಂದ ಬೇಕು.

ಸರಿಯಾದ ತಯಾರಿ ನಮ್ಮ ಕೈಲಾಗದ ಕೆಲಸವೇನಲ್ಲ. ಮಹಿಳಾ ತಂಡವನ್ನು ನೋಡಿ. 2025ರ ಬೇಸಿಗೆಯಲ್ಲಿ ಆ ಹುಡುಗಿಯರಿಗೆ ಬೆಂಗಳೂರಿನಲ್ಲೇ ವಾರಗಟ್ಟಲೆ ಶಿಬಿರ ನಡೆಯಿತು. ಉಜ್ಬೇಕಿಸ್ತಾನ ತಂಡವನ್ನು ಕರೆಸಿ ಸ್ನೇಹಪರ ಪಂದ್ಯಗಳನ್ನು ಆಡಿಸಿದರು. ಜುಲೈ 5ರಂದು ಥಾಯ್ಲೆಂಡ್‌ನ ಚಿಯಾಂಗ್ ಮಾಯ್‌ನಲ್ಲಿ ಆತಿಥೇಯರನ್ನೇ 2-1ರಿಂದ ಸೋಲಿಸಿ, ಅರ್ಹತಾ ಸುತ್ತು ಗೆದ್ದು ಏಷ್ಯಾ ಕಪ್‌ಗೆ ಹೋದರು. ಎರಡೂ ಗೋಲು ಸಂಗೀತಾ ಬಸ್ಫೋರ್ ಅವರದು. ಅರ್ಹತಾ ಸುತ್ತಿನ ಮೂಲಕ ಭಾರತದ ಮಹಿಳೆಯರು ಆ ಕೂಟಕ್ಕೆ ಹೋದದ್ದು ಅದೇ ಮೊದಲು. ಅದೇ ಬೆಂಗಳೂರು, ಅದೇ ವರ್ಷ, ಅದೇ ಫೆಡರೇಷನ್. ಒಂದು ತಂಡಕ್ಕೆ ತಯಾರಿ ಸಿಕ್ಕಿತು, ಇನ್ನೊಂದಕ್ಕೆ ಸಿಗಲಿಲ್ಲ.

ಇನ್ನೊಂದು ಉದಾಹರಣೆ ಹಾಂಗ್‌ಝೌನಲ್ಲೇ ಇದೆ. ಅಲ್ಲಿ ಗೋಲು ಹೊಡೆದ ರಾಹುಲ್ ಕೆ.ಪಿ. 2017ರಲ್ಲಿ ಭಾರತದಲ್ಲಿ ನಡೆದ 17 ವರ್ಷದೊಳಗಿನವರ ವಿಶ್ವಕಪ್ ತಂಡದವರು. ಆ ಹುಡುಗರನ್ನು ಬೇಗನೆ ಆರಿಸಿ, ವಿದೇಶಗಳಿಗೆ ಕರೆದೊಯ್ದು ಆಡಿಸಿದ್ದರು. ಕೊಲಂಬಿಯಾ ವಿರುದ್ಧ ಗೋಲು ಹೊಡೆದ ಜೀಕ್ಸನ್ ಸಿಂಗ್, ಬೆಂಗಳೂರು ಎಫ್‌ಸಿಯ ಸುರೇಶ್ ಸಿಂಗ್ ವಾಂಗ್‌ಜಮ್, ನಮ್ಮ ಪಕ್ಕದ ಕೊಲ್ಹಾಪುರದ ಅನಿಕೇತ್ ಜಾಧವ್ ಎಲ್ಲರೂ ಅದೇ ತಂಡದವರು. ಅವರು ವಿಶ್ವಕಪ್‌ನ ಮೂರೂ ಪಂದ್ಯ ಸೋತರು. ಆದರೆ ಆ ತಯಾರಿಯ ಫಲವನ್ನು ದೇಶ ಮುಂದೆಯೂ ಉಂಡಿತು.

ಕೊಲ್ಹಾಪುರದ ಹೆಸರು ಸುಮ್ಮನೆ ತಂದಿಲ್ಲ. ಹುಕ್ಕೇರಿ, ಗೋಕಾಕ, ಮೂಡಲಗಿ ಭಾಗಕ್ಕೆ ಫುಟ್‌ಬಾಲ್ ಗಾಳಿ ಬೀಸುವುದು ಆ ಕಡೆಯಿಂದ ಮತ್ತು ಗೋವಾ ಕಡೆಯಿಂದ. ಪಾಟಾಕಡೀಲ್ ತಾಲೀಮ್, ಖಂಡೋಬಾ ತಾಲೀಮ್‌ನಂಥ ಅಲ್ಲಿನ ಸಂಘಗಳು ಕುಸ್ತಿಯ ತಾಲೀಮುಗಳಿಂದ ಬೆಳೆದವು. ಅವುಗಳ ಸ್ಥಳೀಯ ಲೀಗ್‌ಗೆ ಶಾಹೂ ಸ್ಟೇಡಿಯಂ ತುಂಬುತ್ತದೆ. ನಮ್ಮಲ್ಲಿ ಏನು ನಡೆಯುತ್ತದೆ? ಶಾಲಾ ಕ್ರೀಡಾಕೂಟ ಬಂದಾಗ ನಾಲ್ಕು ದಿನ ಮೊದಲು ಓಡಬಲ್ಲ ಹುಡುಗರನ್ನು ಕೂಡಿಸಿ ವಲಯ ಮಟ್ಟಕ್ಕೆ, ತಾಲೂಕು ಮಟ್ಟಕ್ಕೆ ಕರೆದೊಯ್ಯುತ್ತಾರೆ. ಬೂಟು ಯಾರೋ ಹಳಬರದು, ಚೆಂಡಿಗೆ ಗಾಳಿ ಅರ್ಧ. ಸೋತು ಬಂದರೆ ಮುಂದಿನ ವರ್ಷದವರೆಗೆ ಆಟವೇ ಇಲ್ಲ. ದೈಹಿಕ ಶಿಕ್ಷಕರನ್ನು ದೂಷಿಸಿ ಫಲವಿಲ್ಲ, ಎಷ್ಟೋ ಶಾಲೆಗಳಲ್ಲಿ ಆ ಹುದ್ದೆಯೇ ಖಾಲಿ. ದಿಲ್ಲಿಯ ಫೆಡರೇಷನ್ ಕಚೇರಿಯಲ್ಲಿ ಕಾಣುವ ರೋಗದ ಬೇರು ಇಲ್ಲಿಯವರೆಗೂ ಇಳಿದಿದೆ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಾಗ ರಾಜ್ಯದಲ್ಲಿ ಪ್ರತಿಭೆ ಬತ್ತಿಲ್ಲ ಎಂದು ಗೊತ್ತಾಯಿತು. ಆ ಪ್ರತಿಭೆಗೆ ವರ್ಷವಿಡೀ ಆಡುವ ಲೀಗ್ ಬೇಕು, ಬೆಂಗಳೂರಿನ ಆಚೆಗೂ ಬೇಕು.

ನನ್ನ ಬೇಡಿಕೆಗಳು ನಾಲ್ಕೇ. ಒಂದು, ಫೆಡರೇಷನ್, ಲೀಗ್, ಕ್ಲಬ್‌ಗಳು ಮೂವರೂ ಸಹಿ ಹಾಕಿದ ವೇಳಾಪಟ್ಟಿ ಒಂದು ವರ್ಷ ಮೊದಲೇ ಪ್ರಕಟವಾಗಲಿ, ಅದರಲ್ಲಿ ವಿಂಡೊದ ಹೊರಗಿನ ಶಿಬಿರಗಳೂ ಇರಲಿ. ಎರಡು, ಆ ಶಿಬಿರಗಳಿಗೆ ಬಿಟ್ಟುಕೊಟ್ಟ ಆಟಗಾರನ ಸಂಬಳಕ್ಕೆ, ಗಾಯಕ್ಕೆ ಫೆಡರೇಷನ್ ವಿಮೆ ಮಾಡಿಸಲಿ. ಮೂರು, ಅನುಮತಿ, ಆಟಗಾರರ ಪಟ್ಟಿ, ವೀಸಾ, ವಿಮಾನದ ಟಿಕೆಟ್ ಪ್ರಯಾಣಕ್ಕೆ ಒಂದು ತಿಂಗಳು ಮುನ್ನವೇ ಮುಗಿಯಲಿ. ನಾಲ್ಕು, ಪ್ರತಿ ಟೂರ್ನಿಯ ನಂತರ ಎಷ್ಟು ದಿನ ಶಿಬಿರ ನಡೆಯಿತು, ಯಾರು ಬಂದರು, ಯಾರನ್ನು ಬಿಡಲಿಲ್ಲ, ಎಷ್ಟು ಸ್ನೇಹಪರ ಪಂದ್ಯ ಆಡಿದರು ಎಂಬ ವರದಿ ಸಾರ್ವಜನಿಕರ ಮುಂದೆ ಬರಲಿ.

ಇದರಲ್ಲಿ ಯಾವುದೂ ಕೋಟಿಗಟ್ಟಲೆ ಖರ್ಚಿನ ಕೆಲಸವಲ್ಲ. ಕುಳಿತು ಮಾತಾಡಿ, ಬರೆದಿಟ್ಟು, ಬರೆದಂತೆ ನಡೆಯುವ ಕೆಲಸ. ಅಭಿಮಾನಿಗಳಾದ ನಾವು ಗೆಲುವಿನ ಭರವಸೆ ಕೇಳುತ್ತಿಲ್ಲ. ಬಲಿಷ್ಠ ತಂಡ ನಮಗಿಂತ ಚೆನ್ನಾಗಿ ಆಡಿ ಗೆದ್ದರೆ ಎದ್ದುನಿಂತು ಚಪ್ಪಾಳೆ ತಟ್ಟಲು ನಮಗೆ ಬರುತ್ತದೆ. ಸರಿಯಾಗಿ ತಯಾರಾದ ತಂಡ ಸೋತು ಬಂದರೂ ಅದರ ಬೆನ್ನಿಗೆ ನಿಲ್ಲುತ್ತೇವೆ. ತಯಾರಿ ಕೊಡದೆ ಕಳಿಸಿದವರನ್ನು ಮಾತ್ರ ಇನ್ನು ಮುಂದೆ ಪ್ರತಿ ಸೋಲಿನ ನಂತರವೂ ಹೆಸರು ಹಿಡಿದು ಕೇಳುತ್ತೇವೆ.